ಗುಮ್ಮಟದೊಳಗಿನ ಕೈಲಾಸ: ಬೀದರ್ ಸೀಮೆಯ ಒಂದು ಗದ್ದುಗೆ ಮನೆಯ ಪ್ರಕರಣ

ಬೀದರ್ ಜಿಲ್ಲೆಯ ಒಂದು ಹಳ್ಳಿ ಮಠದಲ್ಲಿ ನಡೆದ ಕೆಲಸದ ವಿವರ ಇದು. ಗುರುತು ಹತ್ತಬಾರದೆಂದು ಊರು, ಮಠ, ಕೆಲಸಗಾರರು ಯಾರ ಹೆಸರನ್ನೂ ಹೇಳಿಲ್ಲ. ಅಳತೆಗಳನ್ನು ಮಾತ್ರ ಬಿಡಿಸಿ ಕೊಟ್ಟಿದೆ. ಗುಮ್ಮಟದ ಒಳಗೆ ಚಿತ್ರ ಬರೆಸಲು ಹೊರಟವರಿಗೆ ಬೇಕಾಗುವುದು ಅವೇ.

ಹಿನ್ನೆಲೆ

ಗದ್ದುಗೆ ಮನೆ, ಅಂದರೆ ಗುರುಗಳ ಸಮಾಧಿಯಿರುವ ಕೋಣೆ, ಒಳಗೆ 18 ಅಡಿ ಚೌಕ. ನಾಲ್ಕು ಮೂಲೆಗೂ ಕಮಾನು ಹಾರಿಸಿ ಚೌಕವನ್ನು ಎಂಟು ಮೂಲೆ ಮಾಡಿಕೊಂಡು, ಅದರ ಮೇಲೆ ಇಟ್ಟಿಗೆ ಮತ್ತು ಗಚ್ಚಿನ, ಅಂದರೆ ಸುಣ್ಣದ ಗಾರೆಯ, ಗುಮ್ಮಟ ಕೂರಿಸಿದ್ದಾರೆ. ಬಹಮನಿ, ಬರೀದಶಾಹಿ ಕಾಲದಿಂದ ಈ ಸೀಮೆಯ ಗೌಂಡಿಗಳ ಕೈಗೆ ಹತ್ತಿದ ರೀತಿ ಇದು. ದರ್ಗಾಕ್ಕೂ ಇದೇ, ಮಠಕ್ಕೂ ಇದೇ. ಗುಮ್ಮಟ ಏಳುವ ಅಂಚು ನೆಲದಿಂದ 16 ಅಡಿ ಎತ್ತರದಲ್ಲಿದೆ. ಆಕಾರ ಅರ್ಧಗೋಳಕ್ಕೆ ಬಲು ಹತ್ತಿರವಿರುವುದರಿಂದ ಲೆಕ್ಕ ಸುಲಭ: ಒಳಮೈ ಸುಮಾರು 509 ಚದರ ಅಡಿ, ಅಂಚಿನಿಂದ ನೆತ್ತಿಯವರೆಗೆ ಬಾಗಿನ ಉದ್ದ 14 ಅಡಿ. ನಡುವೆ ಗದ್ದುಗೆ, ಸುತ್ತ ಪ್ರದಕ್ಷಿಣೆಯ ಹಾದಿ, ನೆಲಕ್ಕೆ ಶಹಾಬಾದಿ ಫರಸಿ.

ಒಳಗೆ ಹಿಂದಿನ ತಲೆಮಾರಿನವರು ಆಯಿಲ್ ಪೇಂಟಿನಲ್ಲಿ ಬರೆಸಿದ ಕೈಲಾಸವಿತ್ತು. ಶಿವ, ಪಾರ್ವತಿ, ಹಿಮದ ಬೆಟ್ಟ, ಮೋಡ. ಅದು ಹಪ್ಪಳದಂತೆ ಎದ್ದು, ಚಕ್ಕೆ ಚಕ್ಕೆಯಾಗಿ ಗದ್ದುಗೆಯ ಮೇಲೆ ಉದುರುತ್ತಿತ್ತು. ಕಾರ್ತಿಕದಲ್ಲಿ ಮಠದ ಕಮಿಟಿಯವರು ಕೇಳಿದ್ದು ಇಷ್ಟೇ: ಹಳೆಯದನ್ನು ಕೆರೆದು, ಪುಟ್ಟಿ ಹಚ್ಚಿ, ಹೊಸ ಕೈಲಾಸ ಬರೆಯಬೇಕು. ಶಿವರಾತ್ರಿಯ ಜಾತ್ರೆಗೆ ಮುಗಿಯಬೇಕು. ಕೈಯಲ್ಲಿದ್ದುದು ಮೂರು ತಿಂಗಳು.

ತೊಂದರೆ ಬಣ್ಣದ್ದಲ್ಲ

ಮೊದಲ ದಿನ ಮಾಡಿದ್ದು ತಟ್ಟಿ ನೋಡುವ ಕೆಲಸ. ಬೆರಳಿನ ಗೆಣ್ಣಿನಿಂದ ಗಿಲಾವನ್ನು (ಗೋಡೆಗೆ ಮೆತ್ತಿದ ಗಾರೆಯ ಪದರವನ್ನು) ಅಂಗೈಯಗಲಕ್ಕೊಮ್ಮೆ ತಟ್ಟುತ್ತ ಹೋಗಬೇಕು. ಗಟ್ಟಿಯಿದ್ದಲ್ಲಿ ಸದ್ದು ಚಿಕ್ಕದು, ಗೋಡೆ ಬಿಟ್ಟಿದ್ದಲ್ಲಿ ಪೊಳ್ಳು ಸದ್ದು. ಪೊಳ್ಳಿದ್ದಲ್ಲೆಲ್ಲ ಸೀಮೆಸುಣ್ಣದ ಗೆರೆ ಎಳೆದು, ಕೆಳಗಿಳಿದು ನೋಡಿದಾಗ ನಕ್ಷೆ ತಾನಾಗಿ ಮೂಡಿತ್ತು. ಹಾನಿ ಎರಡೇ ಕಡೆ: ನೆತ್ತಿಯ ಸುತ್ತ 3 ಅಡಿ, ಮತ್ತು ಕೆಳ ಅಂಚಿನಿಂದ ಮೇಲಕ್ಕೆ ನಾಲ್ಕೂವರೆ ಅಡಿಯ ಇಡೀ ಪಟ್ಟಿ. ನಡುವಿನ ಭಾಗ ಬಹುಪಾಲು ಗಟ್ಟಿ.

ಹೀಗೆ ಪಟ್ಟಿಪಟ್ಟಿಯಾಗಿ ಕೆಟ್ಟಿದ್ದರೆ ಬಣ್ಣವನ್ನು ಬೈಯುವ ಮೊದಲು ಹೊರಗೆ ಹತ್ತಿ ನೋಡಬೇಕು. ಹೊರಮೈಗೆ ಯಾವುದೋ ಕಾಲಕ್ಕೆ ಸಿಮೆಂಟ್ ಗಿಲಾವು ಮಾಡಿದ್ದರು. ಗಚ್ಚಿನ ಗುಮ್ಮಟ ಬೇಸಿಗೆಯ ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುತ್ತದೆ. ಸಿಮೆಂಟ್ ಅದರ ಜೊತೆ ಬಾಗುವುದಿಲ್ಲ, ಕೂದಲೆಳೆಯಷ್ಟು ಬಿರಿಯುತ್ತದೆ. ಬಿರುಕಿನಲ್ಲಿ ಇಳಿದ ಮಳೆನೀರು ಸಿಮೆಂಟಿನ ಹಿಂದೆ ಸಿಕ್ಕಿಬೀಳುತ್ತದೆ. ಹೊರಗೆ ಆರಲು ದಾರಿಯಿಲ್ಲದ್ದರಿಂದ ಇಟ್ಟಿಗೆಯ ಉಪ್ಪನ್ನು ಕರಗಿಸಿಕೊಂಡು ಒಳಗೆ ಬರುತ್ತದೆ. ಒಳಗೂ ಆಯಿಲ್ ಪೇಂಟಿನ ಮುಚ್ಚಳ. ನೀರು ಆರುವ ಕಡೆ ಉಪ್ಪು ಹರಳುಗಟ್ಟುತ್ತದೆ. ಪೇಂಟಿನ ಬೆನ್ನಿಗೇ ಹರಳುಗಟ್ಟಿ, ಪೇಂಟನ್ನೂ ಅದರೊಡನೆ ಗಿಲಾವಿನ ಮೇಲ್ಮೈಯನ್ನೂ ದೂಡಿ ಬೀಳಿಸುತ್ತದೆ. ನೆತ್ತಿಯಲ್ಲಿ ಕಳಸದ ಬುಡ, ಕೆಳಗೆ ಕೈಪಿಡಿ ಗೋಡೆಯ ಹಿಂದೆ ನೀರು ನಿಲ್ಲುವ ಮೂಲೆ. ಸೀಮೆಸುಣ್ಣದ ನಕ್ಷೆಗೂ ಹೊರಗಿನ ಈ ಎರಡು ಜಾಗಗಳಿಗೂ ಸರಿಯಾಗಿ ತಾಳೆಯಾಯಿತು.

ಪುಟ್ಟಿ ಹಚ್ಚಿ ಪ್ಲಾಸ್ಟಿಕ್ ಪೇಂಟಿನಲ್ಲಿ ಕೈಲಾಸ ಬರೆದಿದ್ದರೆ ಎರಡನೆಯ ಮಳೆಗಾಲಕ್ಕೆ ಅದೂ ಗದ್ದುಗೆಯ ಮೇಲೆ ಬೀಳುತ್ತಿತ್ತು.

ಇನ್ನೊಂದು ಸಂಗತಿ ತಿಳಿದದ್ದು ಪರೀಕ್ಷೆಯ ಚೌಕಗಳಿಂದ. 4 ಅಂಗುಲದ ಏಳು ಚೌಕಗಳಲ್ಲಿ ಪದರ ಪದರವಾಗಿ ಬಿಡಿಸಿದಾಗ ಆಯಿಲ್ ಪೇಂಟ್, ಅದರಡಿ ಡಿಸ್ಟೆಂಪರ್, ಅದರಡಿ ಎಂಟೊಂಬತ್ತು ಸಲದ ಸುಣ್ಣ. ನಡುಭಾಗದ ನಾಲ್ಕು ಚೌಕಗಳಲ್ಲಿ, ಎಲ್ಲಕ್ಕಿಂತ ಕೆಳಗೆ, ಕಡುನೀಲಿ ನೆಲದ ಮೇಲೆ ಬಿಳಿ ಎಸಳುಗಳು ಮತ್ತು ಒಂದು ಕೆಂಪು ಪಟ್ಟಿ ಕಂಡವು. ಮನುಷ್ಯರೂಪ ಎಲ್ಲೂ ಇಲ್ಲ. ಅಂದರೆ ಮೊದಲು ಕಟ್ಟಿಸಿದವರು ಇಲ್ಲಿ ಬರೆಸಿದ್ದು ಬೆಟ್ಟವನ್ನಲ್ಲ, ಹೂವು ಅರಳಿದ ಆಕಾಶವನ್ನು.

ಕಮಿಟಿಯವರನ್ನು ಬೀದರ್ ಹತ್ತಿರದ ಅಷ್ಟೂರಿಗೆ ಕರೆದೊಯ್ದದ್ದು ಇದಾದ ಮೇಲೆ. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯ ಗುಮ್ಮಟ ಅಲ್ಲಿದೆ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಜಾಗ. ಈ ಹಳ್ಳಿಯವರಿಗೂ ಹೊಸದಲ್ಲ. ಆದರೆ ಮೇಲೆ ಕಣ್ಣು ನೆಟ್ಟು ನೋಡಿದವರು ಕಡಿಮೆ. ಚಿನ್ನ, ಸಿಂಧೂರ, ನೀಲಿ. ಬಳ್ಳಿ ಮತ್ತು ಅಕ್ಷರ. ಉಂಗುರದೊಳಗೆ ಉಂಗುರ, ಮೇಲೆ ಹೋದಂತೆ ಕಿರಿದಾಗಿ ನೆತ್ತಿಗೆ ಸೇರುತ್ತವೆ. ಸ್ವರ್ಗದ ಒಂದು ಆಕೃತಿಯೂ ಇಲ್ಲದೆ ಇಡೀ ಗುಮ್ಮಟ ಸ್ವರ್ಗವೇ ಆಗಿದೆ. ಸುತ್ತಲಿನ ಎಲ್ಲವೂ ಒಂದು ಬಿಂದುವಿನ ಕಡೆ ಸರಿಯುವುದರಿಂದಲೇ ಆ ಭಾವ ಹುಟ್ಟುತ್ತದೆ.

ಕ್ಯಾಲೆಂಡರಿನ ಕೈಲಾಸ ಗುಮ್ಮಟಕ್ಕೆ ಏಕೆ ಒಗ್ಗಲಿಲ್ಲ

ಆದರೂ ಕಮಿಟಿಯ ಹೆಚ್ಚಿನವರಿಗೆ ಶಿವ ಪಾರ್ವತಿಯರೇ ಬೇಕಾಗಿದ್ದರು. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪ, ಲೇಪಾಕ್ಷಿಯ ಛತ್ತಿನ ಚಿತ್ರಗಳ ಫೋಟೋ ತಂದಿದ್ದರು. ಅಲ್ಲಿಯವು ಚಪ್ಪಟೆ ಕಲ್ಲುಹಾಸಿನ ಛತ್ತುಗಳು. ಗೋಡೆಗೆ ಬರೆದ ಪಟದ ಹಾಗೆ ಸಾಲು ಹಿಡಿದು ಬರೆಯಬಹುದು. ಗುಮ್ಮಟದಲ್ಲಿ ಸಾಲೇ ಇಲ್ಲ, ಮೇಲು ಕೆಳಗೂ ಇಲ್ಲ. ಒಂದು ಕಡೆಯವರಿಗೆ ನೆಟ್ಟಗೆ ಕಂಡ ಶಿವ ಎದುರು ಕಡೆಯವರಿಗೆ ತಲೆಕೆಳಗು.

ಮಾತಿನಲ್ಲಿ ಇದು ಯಾರಿಗೂ ಹತ್ತಲಿಲ್ಲ. ಎಂಟು ಕಡ್ಡಿಯ ಹಳೆಯ ಛತ್ರಿಯ ಒಳಮೈಗೆ ಕಾಗದ ಅಂಟಿಸಿ, ಕ್ಯಾಲೆಂಡರಿನ ಕೈಲಾಸವನ್ನು ಅದರಲ್ಲಿ ಬರೆದು, ಬಿಚ್ಚಿ ಹಿಡಿದು, ಸುತ್ತ ನಿಂತವರಿಗೆ ತೋರಿಸಲಾಯಿತು. ಐದು ನಿಮಿಷದಲ್ಲಿ ಎಲ್ಲರೂ ಒಪ್ಪಿದರು. ಇಂಥ ಕೆಲಸಕ್ಕೆ ಛತ್ರಿಯಷ್ಟು ಅಗ್ಗದ, ಅಷ್ಟು ಸತ್ಯ ಹೇಳುವ ಮಾದರಿ ಬೇರೆ ಇಲ್ಲ.

ಒಂದೇ ದೃಶ್ಯವನ್ನು ಇಡೀ ಗುಮ್ಮಟಕ್ಕೆ ತುಂಬಿದವರು ಇಲ್ಲವೆಂದಲ್ಲ. ಇಟಲಿಯ ಪಾರ್ಮಾ ನಗರದ ಕತೀಡ್ರಲಿನಲ್ಲಿ ಕೊರೆಜ್ಜೊ ಎಂಬ ಚಿತ್ರಗಾರ 1526ರಿಂದ 1530ರ ನಡುವೆ ಹೀಗೇ ಮಾಡಿದ. ಮೋಡದ ಸುಳಿಯಲ್ಲಿ ನೂರಾರು ದೇಹಗಳು ಮೇಲೇರುತ್ತವೆ, ಕೆಳಗಿನಿಂದ ಅಂಗಾಲು, ಮೊಣಕಾಲೇ ಮೊದಲು ಕಾಣುತ್ತವೆ. ಆದರೆ ಅದು ನೋಡುವವರು ಎಲ್ಲಿ ನಿಲ್ಲುತ್ತಾರೆಂದು ಲೆಕ್ಕ ಹಾಕಿ ಕಟ್ಟಿದ ಚಿತ್ರ. ಪೂರ್ವ ರೋಮನ್ ಸಾಮ್ರಾಜ್ಯದ, ಅಂದರೆ ಬೈಜಾಂಟೈನ್ ಚರ್ಚುಗಳ ದಾರಿ ಬೇರೆ: ನೆತ್ತಿಯಲ್ಲಿ ಕ್ರಿಸ್ತನ ಒಂದೇ ಮುಖ, ಕೆಳಗೆ ಸುತ್ತಲೂ ಉಂಗುರವಾಗಿ ನಿಂತ ಪ್ರವಾದಿಗಳು, ಎಲ್ಲರ ಪಾದ ಅಂಚಿನ ಕಡೆಗೆ, ತಲೆ ನೆತ್ತಿಯ ಕಡೆಗೆ. ಯಾವ ಬದಿಯಲ್ಲಿ ನಿಂತರೂ ಎದುರಿನವರು ನೆಟ್ಟಗೇ ಕಾಣುತ್ತಾರೆ.

ನಿಲ್ಲುವ ಜಾಗದ ಪ್ರಶ್ನೆಯನ್ನು ಬಿಡಿಸಿದವರು ದಿನಾ ಗದ್ದುಗೆಗೆ ಹೂವು ಏರಿಸುವ ಒಬ್ಬ ಹಿರಿಯ ಅಜ್ಜಿ. ಚಿತ್ರಗಾರ ಗದ್ದುಗೆಯ ಪಕ್ಕದಲ್ಲಿ ನಡುಮಧ್ಯಕ್ಕೆ ಕುತ್ತಿಗೆ ಚಾಚಿ ಅಳತೆ ನೋಡುತ್ತಿದ್ದಾಗ ಆಕೆ ಅಂದದ್ದು: "ಯಪ್ಪಾ, ನಾವು ಸುತ್ತು ಹಾಕೋರು. ನಡುವ ಯಾರು ನಿಂದರ್ತಾರ? ಅಲ್ಲಿ ಅಪ್ಪೋರು ಅದಾರ."

ಮಾತು ಪೂರಾ ಸರಿ. ಗುಮ್ಮಟದ ನಡುಬಿಂದುವಿನ ಕೆಳಗೆ ಇರುವುದು ಗದ್ದುಗೆ. ನೋಡುವವರ ಕಣ್ಣು ಯಾವಾಗಲೂ ಅಲ್ಲಿಂದ ಸುಮಾರು 6 ಅಡಿ ಆಚೆ, ಪ್ರದಕ್ಷಿಣೆಯ ಹಾದಿಯಲ್ಲಿ. ಲೆಕ್ಕವೇ ಬದಲಾಯಿತು. ಕಣ್ಣು ನೆಲದಿಂದ 5 ಅಡಿ ಎತ್ತರದಲ್ಲಿ, ನಡುಮಧ್ಯದಲ್ಲಿದ್ದರೆ ಕೆಳ ಅಂಚಿನ ಮೂರೂವರೆ ಅಡಿಯ ಆಕೃತಿ ತನ್ನ ಎತ್ತರದ ಹತ್ತರಲ್ಲಿ ಏಳು ಪಾಲಿನಷ್ಟೇ ಕಾಣುತ್ತದೆ, ಕುಳ್ಳಗೆ, ಅಗಲವಾಗಿ. ಅದನ್ನು ಸರಿಪಡಿಸಲು ನೂರಕ್ಕೆ ನಲವತ್ತು ಪಾಲು ಹೆಚ್ಚು ಉದ್ದ ಎಳೆಯಬೇಕು. ಹಾದಿಯಲ್ಲಿ ನಿಂತು ಎದುರು ಬದಿಯನ್ನು ನೋಡುವವರಿಗೆ ಅದೇ ಆಕೃತಿ ನೂರಕ್ಕೆ 86ರಷ್ಟು ಕಾಣುತ್ತದೆ. ನೂರಕ್ಕೆ ಹದಿನೈದು ಪಾಲು ಎಳೆದರೆ ಸಾಕು. ಚಿತ್ರಗಾರ ಮೊದಲೇ ಸಿದ್ಧ ಮಾಡಿಟ್ಟಿದ್ದ ಉದ್ದನೆಯ ಆಕೃತಿಗಳನ್ನು ಅಂಟಿಸಿದ್ದರೆ, ಹಾದಿಯಿಂದ ನೋಡಿದವರಿಗೆ ಅವು ಜೋಳದ ದಂಟಿನಂತೆ ಕಾಣುತ್ತಿದ್ದವು. ಮೂರೂವರೆ ಅಡಿಯದನ್ನು 4 ಅಡಿಗೆ ಎಳೆದು, ಸುದ್ದಿಪತ್ರಿಕೆಯ ಹಾಳೆಗಳಲ್ಲಿ ಕತ್ತರಿಸಿ, ಮೈದಾ ಅಂಟಿನಿಂದ ಆಯಿಲ್ ಪೇಂಟಿನ ಮೇಲೇ ಹಚ್ಚಿ, ಕೆಳಗಿಳಿದು ಸುತ್ತು ಹಾಕಿ ನೋಡಿದ ಮೇಲೆಯೇ ಅಳತೆ ಗಟ್ಟಿಯಾದದ್ದು.

ಏನು ಬರೆಯುವುದು

ಉಂಗುರವೆಂದು ತೀರ್ಮಾನವಾದರೂ ಉಂಗುರದಲ್ಲಿ ಯಾರು? ಇಂದ್ರ, ಅಪ್ಸರೆಯರು, ಗಂಧರ್ವರು ಎಂದು ಕೆಲವರು. ಕಮಿಟಿಯ ಒಬ್ಬ ನಿವೃತ್ತ ಮಾಸ್ತರರು ಎದ್ದು ನಿಂತು, ಬಸವಕಲ್ಯಾಣದ ನೆರಳಿನಲ್ಲಿರುವ ಮಠದಲ್ಲಿ ಅಪ್ಸರೆಯರನ್ನು ಬರೆಸುವುದು ಹೇಗೆ ಎಂದು ಕೇಳಿದರು. "ಆಚಾರವೇ ಸ್ವರ್ಗ, ಅನಾಚಾರವೇ ನರಕ" ಎಂದು ಬಸವಣ್ಣನವರು ಹೇಳಿಯಾಗಿದೆ. ಆಯ್ದಕ್ಕಿ ಮಾರಯ್ಯನವರು ಕಾಯಕವೇ ಕೈಲಾಸವೆಂದಿದ್ದಾರೆ. ಕೈಲಾಸವನ್ನೇ ಬರೆಯಬೇಕಿದ್ದರೆ ಕಾಯಕವನ್ನು ಬರೆಯಿರಿ ಎಂಬುದು ಅವರ ವಾದ.

ಸಭೆ ಎರಡು ಸಲ ಮುರಿದು ಮೂರನೆಯ ಸಲ ಕೂಡಿತು. ಮಠದ ಅಪ್ಪಗಳು, ಅಂದರೆ ಸ್ವಾಮಿಗಳು, ಒಪ್ಪಿದ್ದು ಈ ರೂಪಕ್ಕೆ: ಕೆಳಗಿನ ಪಟ್ಟಿಯಲ್ಲಿ ಎಂಟು ದಿಕ್ಕಿಗೆ ಎಂಟು ಶರಣರು ತಮ್ಮ ತಮ್ಮ ಕಾಯಕದಲ್ಲಿ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಹುಟ್ಟು ಹಿಡಿದ ಅಂಬಿಗರ ಚೌಡಯ್ಯ, ಸೌದೆ ಹೊತ್ತ ಮೋಳಿಗೆಯ ಮಾರಯ್ಯ, ಅಕ್ಕಿ ಆಯುವ ಲಕ್ಕಮ್ಮ, ಬಟ್ಟೆ ಒಗೆಯುವ ಮಾಚಿದೇವ, ಬಿದಿರು ಸೀಳುವ ಮೇದಾರ ಕೇತಯ್ಯ, ಮಗ್ಗದ ಮುಂದೆ ದಾಸಿಮಯ್ಯ, ಮೆಟ್ಟು ಹೊಲಿಯುವ ಹರಳಯ್ಯ. ನಡುಭಾಗದಲ್ಲಿ ಹಳೆಯ ನೀಲಿ ಆಕಾಶ. ನೆತ್ತಿಯಲ್ಲಿ ಕಮಲ, ಅದರ ನಡುವೆ ಬರೀ ಬಿಳಿ ಬಯಲು. ಶಿವನನ್ನು ಬರೆಯಲೇಬೇಕೆಂದವರಿಗೆ ಆ ಬಯಲೇ ಶಿವ ಎಂದು ಅಪ್ಪಗಳೇ ತಿಳಿಹೇಳಿದರು. ಚಿತ್ರದ ದೃಷ್ಟಿಯಿಂದಲೂ ಅದು ಒಳ್ಳೆಯ ತೀರ್ಮಾನ. ಎಲ್ಲ ಗೆರೆಗಳೂ ಕೂಡುವ ಜಾಗ ಖಾಲಿಯಿದ್ದಾಗ ಗುಮ್ಮಟ ಇನ್ನೂ ಎತ್ತರವಾಗಿ ಕಾಣುತ್ತದೆ.

ಜಾತ್ರೆಯನ್ನು ದಾಟಿಬಿಡುವ ತೀರ್ಮಾನ

ಎಲ್ಲಕ್ಕಿಂತ ಕಷ್ಟದ ಮಾತು ಇದಾಗಿತ್ತು. ಹೊರಗಿನ ಸೋರಿಕೆ ನಿಂತು, ಒಂದು ಮಳೆಗಾಲ ಕಳೆದು, ಗುಮ್ಮಟ ಆರಿದ್ದು ಖಾತ್ರಿಯಾದ ಮೇಲೆಯೇ ಒಳಗೆ ಕುಂಚ ಹಿಡಿಯಬೇಕು. ಅಂದರೆ ಆ ವರ್ಷದ ಜಾತ್ರೆಗೆ ಗುಮ್ಮಟ ಬೋಳು. ಕೊಟ್ಟ ದುಡ್ಡು ಎಲ್ಲಿ ಹೋಯಿತೆಂದು ಭಕ್ತರು ಕೇಳುತ್ತಾರೆ ಎಂಬ ಅಂಜಿಕೆ ಕಮಿಟಿಗೆ ನ್ಯಾಯವಾಗಿಯೇ ಇತ್ತು. ಕೊನೆಗೆ ಹಳೆಯ ಪದ್ಧತಿಯೇ ದಾರಿ ತೋರಿಸಿತು: ಗುಮ್ಮಟದ ಕೆಳಗೆ ಬಿಳಿ ಮೇಲ್ಕಟ್ಟು ಕಟ್ಟಿ, ಗಾಳಿಯಾಡಲೆಂದು ಗೋಡೆಯ ಕಡೆ 2 ಅಡಿ ಬಿಟ್ಟು, ಒಳಗೆ ತಟ್ಟಿ ಗುರುತು ಹಾಕಿದ ನಕ್ಷೆಯ ದೊಡ್ಡ ಫೋಟೋವನ್ನು ಬಾಗಿಲಲ್ಲಿ ತೂಗುಹಾಕಿದರು. ಕೇಳಿದವರಿಗೆ ಅದನ್ನೇ ತೋರಿಸಿ ಹೇಳಿದರು.

ಹೊರಗಿನ ಸಿಮೆಂಟನ್ನು ಉಳಿ ಸುತ್ತಿಗೆಯಿಂದ ಕೈಯಲ್ಲೇ ಬಿಡಿಸಬೇಕಾಯಿತು. ಕರೆಂಟಿನ ಬ್ರೇಕರ್ ಹಚ್ಚಿದರೆ ಅದರ ಅದುರಿಗೆ ಒಳಗಿನ ಗಟ್ಟಿ ಗಿಲಾವೂ ಸಡಿಲವಾಗುತ್ತದೆ. ಹೊಸ ಗಿಲಾವಿಗೆ ಮೂರು ತಿಂಗಳು ನೀರಿನಲ್ಲಿ ಕೊಳೆತ ಸುಣ್ಣ 1, ಇಟ್ಟಿಗೆ ಪುಡಿ 1, ತೊಳೆದ ಉಸುಕು 2 ಪಾಲು. ಕಲಸಲು ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರು. ಎರಡು ಪದರ, ಪ್ರತಿ ಪದರವನ್ನೂ ಮರದ ಹಲಗೆಯಿಂದ ಬಡಿದು ಬಡಿದು ಬಿಗಿಮಾಡಿ, ಹದಿನೈದು ದಿನ ಗೋಣಿತಟ್ಟು ಹೊದೆಸಿ ಒದ್ದೆಯಿಟ್ಟರು. ಬಿಸಿಲಿಗೆ ಬಿಟ್ಟರೆ ಸುಣ್ಣ ಗಟ್ಟಿಯಾಗುವ ಮೊದಲೇ ಒಣಗಿ ಬಿರಿಯುತ್ತದೆ. ಆದ್ದರಿಂದ ಈ ಕೆಲಸ ಚಳಿಗಾಲಕ್ಕೇ ಮುಗಿಯಬೇಕು.

ಮಳೆಗಾಲ ಕಳೆದ ಮೇಲೆ, ಬೋಳು ಗಿಲಾವಿನ ಮೇಲೆ ಮಾತ್ರ, ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚು ಟೇಪಿನಿಂದ ಮುಚ್ಚಿ ಒಂದು ಹಗಲು ಒಂದು ರಾತ್ರಿ ಬಿಟ್ಟರು. ಹೀಗೆ ನೋಡಿದ ಆರೂ ಕಡೆ ಹಾಳೆಯೊಳಗೆ ಹನಿ ಕಟ್ಟಲಿಲ್ಲ. ಬಣ್ಣವಿದ್ದ ಕಡೆ ಈ ಪರೀಕ್ಷೆ ಮಾಡಬಾರದು, ಟೇಪಿನ ಜೊತೆ ಬಣ್ಣವೂ ಬರುತ್ತದೆ.

ಒಳಗಿನ ಕೆಲಸ, ಮತ್ತು ಆದ ಎರಡು ತಪ್ಪು

ಸಾರವೆ ಗೋಡೆಗೆ ತಾಗದಂತೆ ಕಬ್ಬಿಣದ ಪೈಪುಗಳಲ್ಲಿ ನಿಂತಿತು. ಗದ್ದುಗೆಯ ನೆತ್ತಿಯ ಮೇಲೆ ಯಾರೂ ಕಾಲಿಡಬಾರದೆಂಬುದು ಮಠದವರ ಷರತ್ತು. ಅದಕ್ಕೆ ಕೆಳ ಅಟ್ಟದಲ್ಲಿ ನಡುವೆ 6 ಅಡಿ, ಮೇಲಿನ ಚಿಕ್ಕ ಅಟ್ಟದಲ್ಲಿ ಎರಡೂವರೆ ಅಡಿ ಬಯಲು ಬಿಟ್ಟು, ನೆತ್ತಿಯ ಕಮಲವನ್ನು ಬದಿಯಲ್ಲಿ ಕೂತು ಕೈ ಚಾಚಿ ಬರೆಯುವ ಹಾಗೆ ಮಾಡಲಾಯಿತು. ಈ ಬಯಲು ಇನ್ನೊಂದು ರೀತಿಯಲ್ಲಿ ಕೆಲಸಕ್ಕೆ ಬಂತು: ಕೆಳಗೆ ನಿಂತವರಿಗೆ ಮೇಲಿನ ಚಿತ್ರ ಅಷ್ಟಿಷ್ಟು ಕಾಣುತ್ತಿತ್ತು. ಅಡಿ ದೂರದಲ್ಲಿ ಕೂತು ಬರೆಯುವವನಿಗೆ ತಾನು ಏನು ಬರೆದೆನೆಂದು ತಿಳಿಯುವುದಿಲ್ಲ. ಗಂಟೆಗೊಮ್ಮೆ ಕೆಳಗಿನವರ ಕಣ್ಣು ಬೇಕು.

ಮೊದಲ ತಪ್ಪು ನಡುಭಾಗದಲ್ಲಿ. ಪೊಳ್ಳಿದ್ದ ಕೆಲವು ಕಡೆ ಸಣ್ಣ ತೂತಿನಿಂದ ಸಿರಿಂಜಿನಲ್ಲಿ ಸುಣ್ಣ ಮತ್ತು ನುಣ್ಣನೆ ಇಟ್ಟಿಗೆ ಪುಡಿಯ ತಿಳಿ ತುಂಬುತ್ತಿದ್ದರು. ಒಂದು ಸಲಕ್ಕೆ 50 ಮಿಲಿಲೀಟರ್, ಮೆತ್ತೆ ಹಚ್ಚಿದ ಹಲಗೆಯ ಆಸರೆ, ಮರುದಿನ ಮತ್ತೆ 50 ಎಂಬುದು ಕ್ರಮ. ಒಂದು ಸಂಜೆ ಬೇಗ ಮುಗಿಸಲು ಹೋಗಿ ಒಂದೇ ತೂತಿಗೆ 300 ಮಿಲಿಲೀಟರ್ ಬಿಟ್ಟರು. ಒದ್ದೆ ತಿಳಿಯ ಭಾರಕ್ಕೆ ತಾಟಿನಗಲದ ಗಿಲಾವು ಹಳೆಯ ನೀಲಿಯ ಸಮೇತ ಕಳಚಿ ಬಿತ್ತು. ಅದು ಮರಳಿ ಬರುವುದಲ್ಲ. ಬಿದ್ದ ಜಾಗವನ್ನು ಬಣ್ಣ ಹಚ್ಚದೆ ಬರೀ ಗಿಲಾವಾಗಿ ಬಿಟ್ಟಿದೆ.

ಎರಡನೆಯದು ನೀಲಿಯದು. ಚಿತ್ರಗಾರ ಅಭ್ಯಾಸದಂತೆ ತಂದಿದ್ದು ಪ್ರಷ್ಯನ್ ಬ್ಲೂ. ಮಾದರಿ ಹಲಗೆಯ ಹಸಿ ಸುಣ್ಣದ ಮೇಲೆ ಹದಿನೈದು ದಿನದಲ್ಲಿ ಅದು ಕಂದು ಬಣ್ಣಕ್ಕೆ ತಿರುಗಿತು, ಸುಣ್ಣದ ಖಾರಕ್ಕೆ ಆ ನೀಲಿ ಒಡೆದುಹೋಗುತ್ತದೆ. ಅಲ್ಟ್ರಾಮರೀನ್, ಅಂದರೆ ಬಟ್ಟೆಗೆ ಹಾಕುವ ನೀಲಿಯ ಜಾತಿಯದು, ಸುಣ್ಣವನ್ನು ತಾಳುತ್ತದೆ. ಹಳ್ಳಿಮನೆಗಳ ಸುಣ್ಣಕ್ಕೆ ನಮ್ಮ ಹೆಂಗಸರು ಬೆರೆಸುತ್ತಿದ್ದುದೂ ಅದನ್ನೇ. ಕೆಂಪಿಗೆ ಕಾವಿ, ಹಳದಿಗೆ ಹಳದಿ ಮಣ್ಣು, ಹಸಿರಿಗೆ ಹಸಿರು ಮಣ್ಣು. ಹಲಗೆಯಲ್ಲಿ ಮಾದರಿ ಮಾಡದೆ ನೇರ ಗುಮ್ಮಟಕ್ಕೆ ಹಚ್ಚಿದ್ದರೆ ಇಡೀ ಆಕಾಶ ಕಂದಾಗುತ್ತಿತ್ತು.

ಕೆಳಪಟ್ಟಿಯ ಸುಮಾರು 244 ಚದರ ಅಡಿ ಸತ್ತ ಗಿಲಾವನ್ನು ತೆಗೆದು ಹೊಸದು ಮಾಡಲಾಯಿತು. ಗೆರೆ ಹಾಕುವುದಕ್ಕೆ ನೆತ್ತಿಯಿಂದ ತೂಗುಗುಂಡು ಬಿಟ್ಟು ನಡು ಹಿಡಿದು, ಅಂಚಿನ ಸುತ್ತಳತೆ 56 ಅಡಿ 6 ಅಂಗುಲವನ್ನು 16 ಪಾಲು ಮಾಡಿ, ಪ್ರತಿ ಗುರುತಿನಿಂದ ನೆತ್ತಿಗೆ ಕಾವಿ ದಾರ ಬಡಿದರು. ಕಿತ್ತಳೆಯ ತೊಳೆಯಂಥ 16 ಹೋಳು. ಅಂಚಿನಲ್ಲಿ ಒಂದು ಹೋಳು ಮೂರೂವರೆ ಅಡಿ ಅಗಲ, ಅರ್ಧ ಏರಿದಾಗ ಎರಡೂವರೆ ಅಡಿ, ನೆತ್ತಿಯ ಹತ್ತಿರ ಅಂಗೈಯಷ್ಟು. ಮೇಲೆ ಹೋದಂತೆ ಹೂವಿನ ಗಾತ್ರವನ್ನೂ ಇದೇ ಲೆಕ್ಕದಲ್ಲಿ ಕುಗ್ಗಿಸಬೇಕು. ಎಣಿಕೆ ಕಡಿಮೆ ಮಾಡಿದರೆ ಉಂಗುರ ತುಂಡಾದಂತೆ ಕಾಣುತ್ತದೆ. ಒಂದು ಬಿಟ್ಟು ಒಂದು ಹೋಳಿನಲ್ಲಿ ಶರಣರು, ನಡುವೆ ಬಳ್ಳಿ. ದಿನಕ್ಕೆ ಒಂದೇ ಆಕೃತಿ: ಬೆಳಗ್ಗೆ ನುಣುಪು ಗಿಲಾವಿನ 4 ಮಿಲಿಮೀಟರ್ ಪದರ, ಅದು ಬೆರಳಿಗೆ ಅಂಟದ ಹದಕ್ಕೆ ಬಂದಾಗ ಬಣ್ಣ, ಸಂಜೆಯೊಳಗೆ ಮುಗಿಯಬೇಕು. ಉಳಿದ ಅಂಚನ್ನು ಓರೆಯಾಗಿ ಕತ್ತರಿಸಿ ತೆಗೆದರೆ ಮರುದಿನದ ಸಂದು ಕಾಣುವುದಿಲ್ಲ.

ನಡುಭಾಗದ ಸುಮಾರು 237 ಚದರ ಅಡಿಯಲ್ಲಿ ಆಯಿಲ್ ಪೇಂಟನ್ನು ಪೂರಾ ತೆಗೆದರು. ಅದರಡಿಯ ಸುಣ್ಣದ ಪದರಗಳನ್ನು ಬಿಡಿಸಿ ಹಳೆಯ ನೀಲಿಯನ್ನು ಹೊರತರಲು ಚದರ ಅಡಿಗೆ ಒಬ್ಬರಿಗೆ ಎರಡು ದಿನ ಹಿಡಿಯುತ್ತಿತ್ತು. ಅದಕ್ಕೆ ಒಂದೇ ಹೋಳನ್ನು, ಸುಮಾರು 15 ಚದರ ಅಡಿಯನ್ನು, ಬಿಡಿಸಿ ತೋರಿಸಿ, ಉಳಿದ ಹದಿನೈದರಲ್ಲಿ ಸುಣ್ಣವನ್ನು ಹಾಗೇ ಬಿಟ್ಟು ಅದರ ಮೇಲೆ ತೆಳು ನೀಲಿ ಸುಣ್ಣ ಬಳಿದು ಅದೇ ಎಸಳಿನ ಮಾದರಿ ಬರೆದರು. ಹಳೆಯದು ಅದರಡಿ ಭದ್ರವಾಗಿದೆ. ಮುಂದೆ ಕೈಯೂ ದುಡ್ಡೂ ಕೂಡಿಬಂದವರು ಬಿಡಿಸಬಹುದು.

ಆದದ್ದು

ಎರಡನೆಯ ವರ್ಷದ ಜಾತ್ರೆಗೆ ಸಾರವೆ ಇಳಿಯಿತು. ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನ ಗಿಲಾವಿಗೇ ಹೋಗಿತ್ತು, ಕಣ್ಣಿಗೆ ಕಾಣದ ಕೆಲಸಕ್ಕೆ.

ಆಮೇಲೆ ಎರಡು ಮಳೆಗಾಲ ಕಳೆದಿವೆ. ನೆತ್ತಿ ಒಣಗಿದೆ. ವಾಯವ್ಯದ ಅಂಚಿನಲ್ಲಿ, ಹರಿನಾಳದ ಬಾಯಿಯ ಹಿಂದೆ, ಅಂಗೈಯಗಲ ಉಪ್ಪು ಮತ್ತೆ ಮೂಡಿತು, ಮಾಚಿದೇವರ ಪಾದದ ಹತ್ತಿರ. ನಾಳದ ಕಲ್ಲು ಗಿಡ್ಡವಾಗಿ ನೀರು ಗೋಡೆಗೇ ಜಾರುತ್ತಿತ್ತು; ಒಂದಡಿ ಉದ್ದದ ಹೊಸ ಕಲ್ಲು ಕೂರಿಸಿದ ಮೇಲೆ ಹೆಚ್ಚಿಲ್ಲ. ಉಪ್ಪನ್ನು ಒಣ ಕುಂಚದಿಂದ ಉದುರಿಸಿ, ಶುದ್ಧ ನೀರಿನಲ್ಲಿ ನೆನೆಸಿದ ಹತ್ತಿ ಒತ್ತಿ ಹೀರಿಸಲಾಗಿದೆ. ಬಣ್ಣ ಮಾಸಿದ್ದು ಮಾಸಿಯೇ ಇದೆ.

ಹೊಗೆಯಿಂದ ಕಪ್ಪು ಹಿಡಿಯುವುದು ಇನ್ನೂ ಪೂರಾ ನಿಂತಿಲ್ಲ. ಪಾರಿವಾಳಕ್ಕೆ ಹೆದರಿ ಎಂಟೂ ಗವಾಕ್ಷಿಗಳನ್ನು ಹಿಂದೆ ಮುಚ್ಚಿದ್ದರು. ಈಗ ತೆರೆದು ಜಾಳಿಗೆ ಹಾಕಿದ್ದಾರೆ. ಕರ್ಪೂರ ಬಾಗಿಲಾಚೆಗೆ ಹೋಗಿದೆ. ಎಣ್ಣೆ ದೀಪ ಮಾತ್ರ ಗದ್ದುಗೆಯ ಮುಂದೆಯೇ ಉರಿಯಬೇಕೆಂದು ಮಠದವರು ಹೇಳಿದರು, ಅದನ್ನು ಸರಿಸಲು ಒತ್ತಾಯಿಸಲಿಲ್ಲ. ತಲೆಮಾರುಗಳಿಂದ ಆ ದೀಪಕ್ಕೆ ಎಣ್ಣೆ ಕೊಡುವ ಹಕ್ಕು ಊರಿನ ಒಂದು ಮುಸ್ಲಿಂ ಮನೆತನದ್ದು. ಗವಾಕ್ಷಿಯ ಜಾಳಿಗೆ ಒರೆಸುವುದು, ಮಳೆಗಾಲಕ್ಕೆ ಮುನ್ನ ಗುಮ್ಮಟದ ಮೇಲೆ ಹತ್ತಿ ಹರಿನಾಳದ ಕಸ ತೆಗೆದು ಬಿರುಕು ನೋಡುವುದು, ಈ ಎರಡನ್ನೂ ಈಗ ಅವರೇ ವಹಿಸಿಕೊಂಡಿದ್ದಾರೆ. ಬಿರುಕು ಕಂಡರೆ ತುಂಬಲೆಂದು ಎರಡು ಗಡಿಗೆ ಕೊಳೆತ ಸುಣ್ಣ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ, ಮಠದ ಹಿತ್ತಲಲ್ಲಿ ಸದಾ ಇರುತ್ತದೆ.